ಮೇಲಿಂದ ಸುರಿದ ಒಂದು ಚೊಂಬು ನೀರು

ಜಗಳೂರಿನಲ್ಲಿ ಒಬ್ಬ ಲೇಡಿ ಡಾಕ್ಟರು ಎಲ್ಲರೆದುರಿಗೆ ನನ್ನ ಅಕ್ಕನನ್ನು ಪ್ರಶ್ನೆ ಕೇಳಿದಾಗ ಅದರ ಉತ್ತರ ಗೊತ್ತಿದ್ದವನು ನಾನೊಬ್ಬನೇ. ಬಳೆಗಳ ಸರ ಕಟ್ಟಿದ ಮಲಾರವನ್ನು ಹೆಗಲಿಗೇರಿಸಿಕೊಂಡು ಬಾಗಿಲ ಬಳಿ ನಿಂತಿದ್ದೆ. "ಅದು ನಾನು ಮಾಡಿದ್ದು" ಎಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಅದರಿಂದ ಅಕ್ಕನಿಗೆ ಬರಬೇಕಾಗಿದ್ದ ಸರ್ಟಿಫಿಕೇಟು ಬರಲಿಲ್ಲ. ಹುಟ್ಟಿದಾಗಿನಿಂದ ಸುಳ್ಳು ಹೇಳಿ ಗೊತ್ತಿಲ್ಲದ ಅವಳು ಸುಳ್ಳುಗಾತಿ ಎನಿಸಿಕೊಂಡು ಮನೆಗೆ ಬಂದಳು. ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನು. ಬರೆದು ಅಭ್ಯಾಸವಿಲ್ಲ. ಆದರೂ ಇದನ್ನು ಬೇರೆಯವರ ಕೈಲಿ ಬರೆಸುವುದು ಸರಿಯಲ್ಲವೆಂದು ನಾನೇ ಕೂತಿದ್ದೇನೆ.

ನಮ್ಮದು ಚನ್ನಗಿರಿಯ ಬಳೆಗಾರರ ಮನೆ. ಅಪ್ಪ ತೀರಿಕೊಂಡ ಮೇಲೆ ಮಲಾರ ನನ್ನ ಹೆಗಲಿಗೆ ಬಂತು. ಅಕ್ಕನನ್ನು ಉಬ್ರಾಣಿಗೆ ಕೊಟ್ಟಿದ್ದರು. ಗಂಡ ಸತ್ತ ಮೇಲೆ ನಮ್ಮಲ್ಲಿಗೇ ತಿರುಗಿ ಬಂದಳು. ಹುಡುಗಿಯಾಗಿದ್ದಾಗ ಅವಳಷ್ಟು ನಾಜೂಕಾಗಿ ಬಳೆ ತೊಡಿಸುವವರು ನಮ್ಮ ಬೀದಿಯಲ್ಲಿ ಇರಲಿಲ್ಲ. ಎಂಥ ಗಟ್ಟಿ ಕೈಯನ್ನೂ ಹಿಂಡಿ ಹಿಂಡಿ ಮೆತ್ತಗೆ ಮಾಡಿ, ನೋವಾಗುವ ಮೊದಲೇ ಬಳೆ ಏರಿಸಿಬಿಡುತ್ತಿದ್ದಳು. ಆದರೆ ಗಂಡ ಸತ್ತವಳ ಕೈಯಿಂದ ಬಳೆ ತೊಡಿಸಿಕೊಳ್ಳಲು ಯಾರು ಬರುತ್ತಾರೆ? ಅವಳು ಜಗಲಿಯ ಮೇಲೆ ಕೂತರೆ ಗಿರಾಕಿಗಳು ಬೀದಿಯ ಆಚೆ ಬದಿ ಹಿಡಿದು ಹೋಗುತ್ತಿದ್ದರು. ಅವಳು ಒಳಗೆ ಸರಿದಳು. ಒಲೆ, ಬಾವಿ, ಮುಸುರೆ. ನನ್ನ ಹೆಂಡತಿ ಅವಳನ್ನು ಒಂದು ದಿನವೂ ಬೈದವಳಲ್ಲ. ಮನೆಯ ಕೆಲಸವನ್ನೆಲ್ಲ ಸದ್ದಿಲ್ಲದೆ ಅವಳಿಗೆ ಬಿಟ್ಟುಕೊಟ್ಟಿದ್ದಳು, ಅಷ್ಟೆ.

ಎರಡನೇ ಮಹಾಯುದ್ಧ ಶುರುವಾದ ಕಾಲಕ್ಕೆ ನಮ್ಮ ಪೇಟೆ ಬೀದಿಗೆ ಒಬ್ಬ ಹಲ್ಲಿನ ಡಾಕ್ಟರು ಬಂದರು. ಬೊಂಬಾಯಿಯಲ್ಲಿ ಕಲಿತವರು. ಸಂತೆಯ ದಿನ ನೋಡಿಕೊಂಡು ಹೊನ್ನಾಳಿಗೆ, ನ್ಯಾಮತಿಗೆ, ಜಗಳೂರಿಗೆ ಹೋಗಿ ಯಾರದಾದರೂ ಮನೆಯ ಮುಂದಿನ ಕೋಣೆಯಲ್ಲಿ ಕೂರುತ್ತಿದ್ದರು. ಗಂಡಸರೇನೋ ಬಂದರು. ಹೆಂಗಸರು ಬಂದರೂ ಬಾಯಿ ತೆಗೆಯುತ್ತಿರಲಿಲ್ಲ. ಸೆರಗನ್ನು ತುಟಿಗೆ ಒತ್ತಿಕೊಂಡು, ನೋಯುವ ಹಲ್ಲು ಯಾವುದೆಂದು ಗಂಡನ ಕೈಲಿ ಹೇಳಿಸುತ್ತಿದ್ದರು. ಗಂಡನಿಗೇನು ಗೊತ್ತು? ಒಬ್ಬಾತ ತನ್ನ ಬಾಯಿಯನ್ನೇ ಅಗಲಿಸಿ, "ಇಲ್ಲೇ ನೋಡ್ರಿ ಸ್ವಾಮಿ, ನಮ್ಮನೆಯಾಕೆಗೆ" ಎಂದು ತೋರಿಸಿದನಂತೆ.

ನನ್ನ ಹೆಂಡತಿಗೆ ದವಡೆ ಹಲ್ಲು ಕೆಟ್ಟು ಅವರಲ್ಲಿಗೆ ಕರೆದುಕೊಂಡು ಹೋದಾಗ ಅಕ್ಕ ಜೊತೆಗೆ ಬಂದಿದ್ದಳು. ಯಾರೂ ಹೇಳದೆಯೇ ಹೆಂಡತಿಯ ತಲೆಯನ್ನು ತನ್ನ ಎದೆಗೆ ಒರಗಿಸಿಕೊಂಡು, ಕೆನ್ನೆಯ ಮೇಲೆ ಕೈಯಿಟ್ಟು, ಹಿಂದೆ ಬಳೆ ತೊಡಿಸುವಾಗಿನ ದನಿಯಲ್ಲಿ ಏನೇನೋ ಮಾತಾಡಿದಳು. ಹಲ್ಲು ಹೊರಗೆ ಬಂದದ್ದು ನನ್ನ ಹೆಂಡತಿಗೇ ತಿಳಿಯಲಿಲ್ಲ. ಡಾಕ್ಟರು ಚಿಮ್ಮಟ ಕೆಳಗಿಟ್ಟು ಅಕ್ಕನ ಕೈಯನ್ನೇ ನೋಡಿದರು. ಮರುದಿನ ನಮ್ಮ ಮನೆಗೇ ಬಂದರು.

"ಇವರಿಗೆ ಕೆಲಸ ಕಲಿಸ್ತೀನಮ್ಮ" ಎಂದು ಅವ್ವನಿಗೆ ಹೇಳಿದರು. "ಪೂರ್ತಿ ಕಲಿತ ಮೇಲೆ ಇನ್ನೊಬ್ಬ ಡಾಕ್ಟರು ಬಂದು ಪರೀಕ್ಷೆ ಮಾಡ್ತಾರೆ. ಇಬ್ಬರೂ ಸಹಿ ಹಾಕಿ ಸರ್ಟಿಫಿಕೇಟು ಕೊಡ್ತೀವಿ. ದಾವಣಗೆರೆ ಕಡೆ ಒಂದು ಆಸ್ಪತ್ರೆಯಲ್ಲಿ ಹೆಂಗಸರಿಗೆ ಅಂತಲೇ ಹಲ್ಲಿನ ಕೋಣೆ ತೆರೀತಿದಾರೆ. ಸರ್ಟಿಫಿಕೇಟು ಇದ್ದರೆ ಅಲ್ಲಿ ಸಂಬಳದ ಕೆಲಸ, ಇರೋಕೆ ಜಾಗ."

"ಗಂಡ ಸತ್ತೋಳ ಮುಖ ನೋಡ್ಕಂಡು ಹಲ್ಲು ಕೀಳಿಸ್ಕಳಾಕೆ ಯಾರು ಬರ್ತಾರೆ?" ಎಂದಳು ಅವ್ವ.

"ಹಲ್ಲು ಕೀಳಿಸ್ಕಳಾಕೆ ಯಾರವ್ವ ಶಕುನ ನೋಡ್ತಾರೆ?" ಎಂದಳು ಅಕ್ಕ, ಬಾಗಿಲ ಸಂದಿಯಿಂದ.

ಅವ್ವ ಒಪ್ಪಿಕೊಂಡಳು. ಆದರೆ ಜೊತೆಗೆ ಗಂಡು ದಿಕ್ಕು ಬೇಕು ಎಂದಳು. ಹೇಗೂ ಆ ಸಂತೆಗಳಿಗೆ ಮಲಾರ ಹೊತ್ತು ಹೋಗುವವನು ನಾನು. ಹೀಗೆ ನನ್ನ ಗ್ರಹಚಾರ ಶುರುವಾಯಿತು.

ಡಾಕ್ಟರ ಸಾಮಾನು ಎಂದರೆ ಸಣ್ಣ ಸಾಮಾನೇ? ಮಡಚುವ ಕುರ್ಚಿ ಒಂದು, ಹಲ್ಲು ಕೊರೆಯಲು ಕಾಲಲ್ಲಿ ತುಳಿಯುವ ಕಬ್ಬಿಣದ ಯಂತ್ರ ಒಂದು, ಸ್ಟವ್ವು, ಬೋಗುಣಿ, ಔಷಧದ ಪೆಟ್ಟಿಗೆ. ಎಲ್ಲವನ್ನೂ ಬಸ್ಸಿನ ಮೇಲೆ ಏರಿಸುವವನು ನಾನು, ಇಳಿಸುವವನೂ ನಾನು. ಆಗಿನ ಬಸ್ಸೋ, ಪೆಟ್ರೋಲು ಸಿಗದೆ ಇದ್ದಿಲ ಹೊಗೆಯ ಮೇಲೆ ಓಡುತ್ತಿತ್ತು. ಏರು ಬಂದರೆ ಎಲ್ಲರನ್ನೂ ಇಳಿಸುತ್ತಿದ್ದರು. ಜಗಳೂರು ಮುಟ್ಟುವ ಹೊತ್ತಿಗೆ ನನ್ನ ಮುಖ ಯಾವುದು, ಇದ್ದಿಲ ಮೂಟೆ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಬಳೆ ಒಡೆದರೆ ನಷ್ಟ ನನ್ನದು, ಯಂತ್ರಕ್ಕೆ ಪೆಟ್ಟಾದರೆ ಬೈಗುಳವೂ ನನ್ನದು.

ಮನೆಗೆ ಬಂದರೂ ಬಿಡುಗಡೆಯಿಲ್ಲ. ಅಕ್ಕ ಕಲಿಯುವುದನ್ನು ನಿಲ್ಲಿಸುತ್ತಲೇ ಇರಲಿಲ್ಲ. ಡಾಕ್ಟರು ಕೇಳುವ ಮೊದಲೇ ಬೇಕಾದ ಸಾಮಾನು ಅವರ ಕೈಗೆ ಹೋಗಬೇಕು, ಅದೂ ಹಿಡಿಯುವ ತುದಿ ಅವರ ಕಡೆ ಇರುವಂತೆ. ಅದನ್ನು ಅವಳು ಸೌಟು, ಇಕ್ಕಳ, ಜಾಲರಿ ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದಳು. ನಾನು ಊಟಕ್ಕೆ ಕೂತು ಸಾರು ಕೇಳುವ ಮೊದಲೇ ಸೌಟಿನ ಹಿಡಿ ನನ್ನ ಮೂಗಿನ ಮುಂದೆ ಬರುತ್ತಿತ್ತು. ಹಲ್ಲಿಗೆ ತುಂಬುವ ಬೆಳ್ಳಿಪುಡಿ ಪಾದರಸವನ್ನು ಅರೆಯುವ ಹದ ಕೈಗೆ ಹತ್ತಲೆಂದು ಕಡಲೆಹಿಟ್ಟನ್ನು ಪುಟ್ಟ ಕಲ್ಲಿನಲ್ಲಿ ಅರೆದದ್ದೇ ಅರೆದದ್ದು. ಮನೆಯವರೆಲ್ಲರ ಬಾಯಿಯನ್ನೂ ದೀಪದ ಬೆಳಕಿಗೆ ತೆರೆಸಿ ಹಲ್ಲು ಎಣಿಸಿದಳು. "ನಿಂಗೆ ಬಲಗಡೆ ಕೆಳಗೆ ಒಂದು ಹುಳುಕಾಗಾಕೆ ಹತ್ತೈತೆ ಕಣೋ" ಎಂದು ನಾನು ರೊಟ್ಟಿ ಮುರಿಯುವಾಗಲೇ ಹೇಳಬೇಕೇ?

ಒಂದು ಸಲ ಜಗಳೂರಿನ ಕಟುಕರ ಅಂಗಡಿಯಿಂದ ಕುರಿಯ ದವಡೆ ತಂದಳು. ಹಲ್ಲಿನ ಬೇರು ಹೇಗೆ ಕೂತಿರುತ್ತದೆ ಎಂದು ನೋಡಬೇಕಂತೆ. ಅವ್ವ ಅದನ್ನು ಹೊಸ್ತಿಲು ದಾಟಲು ಬಿಡಲಿಲ್ಲ.

"ಕುರಿ ತಿನ್ನಾದಿಲ್ಲೇನವ್ವ ನಾವು?" ಎಂದಳು ಅಕ್ಕ.

"ತಿನ್ನಾದು ಬ್ಯಾರೆ, ಇಟ್ಕಂಡು ಹಲ್ಲು ನೋಡಾದು ಬ್ಯಾರೆ. ಹೆಣ್ಣು ನೋಡಾಕೆ ಬಂದೀಯೇನೇ ಕುರೀನ?"

ಅಕ್ಕ ಹಿತ್ತಲಲ್ಲಿ ಕೂತು ಅದನ್ನು ಕೆದಕಿದಳು. ಕುರಿಗೆ ಮೇಲ್ಗಡೆ ಮುಂದಿನ ಹಲ್ಲೇ ಇರುವುದಿಲ್ಲ ಎಂದು ನನಗೆ ಗೊತ್ತಾದದ್ದು ಅವತ್ತೇ. ಗೊತ್ತಾಗಿ ನನಗೇನೂ ಲಾಭವಾಗಲಿಲ್ಲ.

ಇಷ್ಟೆಲ್ಲದರಲ್ಲಿ ಅವಳು ಎಲ್ಲಕ್ಕಿಂತ ಬಿಗಿಯಾಗಿ ಹಿಡಿದದ್ದು ಒಂದೇ ವಿಷಯ. ಒಬ್ಬರ ಬಾಯಿಗೆ ಹೋದ ಸಾಮಾನು ಇನ್ನೊಬ್ಬರ ಬಾಯಿಗೆ ಹೋಗುವ ಮುಂಚೆ ಗಳಗಳ ಕುದಿಯಬೇಕು. ಕುದಿಸಿ ತಟ್ಟೆಗೆ ತೆಗೆದ ಮೇಲೆ ಅದಕ್ಕೆ ಬರಿಗೈ ತಾಗಬಾರದು, ಕುದಿಸಿದ ಬಟ್ಟೆಯಲ್ಲೇ ಹಿಡಿಯಬೇಕು; ತಣ್ಣೀರು ತಾಗಬಾರದು. ತನ್ನ ಬಿಸಿಗೆ ತಾನೇ ಆರಬೇಕು. ಡಾಕ್ಟರು ಒಮ್ಮೆ ಹೇಳಿದ್ದನ್ನು ಅವಳು ನನಗೆ ಪ್ರತಿ ಸಂತೆಯಲ್ಲೂ ಹೇಳುತ್ತಿದ್ದಳು. ಸ್ಟವ್ವು ಇರುತ್ತಿದ್ದುದು ಹಿಂದಿನ ಅಂಗಳದಲ್ಲಿ. ಅವಳು ಕುದಿಸಿ, ತಟ್ಟೆಗೆ ತೆಗೆದು, ಬಟ್ಟೆ ಮುಚ್ಚಿ ಒಳಗೆ ಹೋಗಿ ಹೆಂಗಸಿನ ತಲೆ ಹಿಡಿದು ನಿಲ್ಲುವಳು. ಅವಳು ಕರೆದಾಗ ತಟ್ಟೆಯನ್ನು ಹಿಂಬಾಗಿಲಿನ ಪರದೆಯ ಸಂದಿಯಿಂದ ಒಳಗೆ ಕೊಡುವುದು ನನ್ನ ಕೆಲಸ. ನಡುನಡುವೆ ಉಗುಳುವ ಬೋಗುಣಿಯನ್ನು ತೊಳೆಯುವುದೂ ನನ್ನ ಕೆಲಸವೇ. ಅದಕ್ಕಾಗಿ ಅಂಗಳದಲ್ಲಿ ಒಂದು ಕೊಡ ಬಾವಿ ನೀರು, ಒಂದು ಚೊಂಬು.

ಈಗ ಹೆಂಗಸರ ವಿಷಯಕ್ಕೆ ಬರುತ್ತೇನೆ. ಅಕ್ಕ ಬಂದ ಮೇಲೆ ಅವರು ಬಾಯಿ ತೆಗೆಯತೊಡಗಿದರು, ನಿಜ. ಆದರೆ ಇನ್ನೊಂದು ತಕರಾರು ಎದ್ದಿತು. ಜಗಲಿಯ ಮೇಲೆ ಸರದಿ ಕಾಯುತ್ತ ನನ್ನ ಬಳೆಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದವರು ಆ ತಕರಾರನ್ನು ನನ್ನ ತಲೆಗೇ ಕಟ್ಟಿದರು.

"ಬಳೆಗಾರಣ್ಣ, ಆ ಚಿಮ್ಮಟ ಈಗ ಒಬ್ಬನ ಬಾಯಾಗೆ ಹೋಗಿತ್ತಲ್ಲ. ಯಾರ ಎಂಜಲೋ ಏನೋ."

"ಕುದಿಸ್ತಾರೆ ತಾಯಿ."

"ಕುದಿಸಿದ್ರೆ ಎಂಜಲು ಎಲ್ಲಿಗೆ ಹೋಗ್ತತೆ? ಅದೇ ನೀರಾಗೇ ಬೇಯ್ತತೆ. ಎಂಜಲಿನ ಸಾರು ಮಾಡಿದಂಗಾತು."

ಪಕ್ಕದಲ್ಲಿದ್ದವಳು, "ಮೇಲಿಂದ ಒಂದು ಚೊಂಬು ನೀರು ಹಾಕಿದ್ರೆ ಸುದ್ದಾಗ್ತತೆ ನೋಡು. ನಿಂತ ನೀರಾಗೆ ಮುಳುಗಿಸಿದ್ರೆ ಹೆಂಗೆ ಸುದ್ದ?" ಎಂದಳು.

ಅವರು ಹೇಳಿದ್ದು ನಮ್ಮ ಮನೆಯ ರೀತಿಯೂ ಹೌದು. ಎಂಜಲು ಪಾತ್ರೆಗೆ ಮೇಲಿಂದ ನೀರು ಸುರಿದರೆ ಮಾತ್ರ ಅದು ತೊಳೆದ ಹಾಗೆ. ನನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತು. ಜಗಳೂರಿನ ಒಂದು ಸಂತೆಯಲ್ಲಿ ಮೂರ್ನಾಲ್ಕು ಜನ ಹೆಂಗಸರು ಇದೇ ಮಾತಿಗೆ ಎದ್ದು ಹೊರಟರು. ಅವರ ಹಿಂದೆ ನನ್ನ ಬಳೆ ವ್ಯಾಪಾರವೂ ಎದ್ದು ಹೊರಟಿತು. ಅಕ್ಕನಿಗೆ ಹೇಳಿದರೆ, "ಹೋಗ್ಲಿ ಬಿಡು. ನೋವು ಹೆಚ್ಚಾದ್ರೆ ಬರ್ತಾರೆ" ಎಂದಳು. ಅವಳಿಗೇನು, ಹೇಳಿಬಿಟ್ಟಳು. ಬಿಸಿಲಲ್ಲಿ ಅವರ ಬಾಯಿ ಮುಚ್ಚಿಸುತ್ತ ಕೂತವನು ನಾನು. ಕೊನೆಯ ಬಸ್ಸು ತಪ್ಪಿದರೆ ಯಾರ ಜಗಲಿಯಲ್ಲಿ ಮಲಗುವುದೆಂದು ಹುಡುಕುವವನೂ ನಾನು. ಸಾಕಪ್ಪ ಸಾಕು ಎನಿಸಿಹೋಗಿತ್ತು.

"ಹೋಗಬ್ಯಾಡ್ರಿ" ಎಂದು ಹೊರಟವರನ್ನು ತಡೆದೆ. "ನೀರು ಹಾಕೇ ಕೊಡ್ತಾರೆ. ಹಿಂದುಗಡೆ ಸುರಿಯೋ ಸದ್ದು ಕೇಳಿಸ್ಕಂಡು ಆಮೇಲೆ ಬಾಯಿ ತೆಗೀರಿ."

ಹಿಂದೆ ಹೋದೆ. ಬಟ್ಟೆ ಸರಿಸಿ, ಬಿಸಿಬಿಸಿ ಚಿಮ್ಮಟದ ಮೇಲೆ ಎತ್ತರದಿಂದ ಚೊಂಬು ನೀರು ಸುರಿದೆ. ಚುಯ್ ಎಂದಿತು. ಕೊಡದ ಬಾಯಿಗೆ ಮುಚ್ಚಳವಿರಲಿಲ್ಲ. ಜಗಳೂರಿನ ಗಾಳಿ ಅದರೊಳಗೆ ಏನೇನು ಹಾಕಿತ್ತೋ, ನಾನು ನೋಡಲಿಲ್ಲ. ತಟ್ಟೆಯ ನೀರು ಚೆಲ್ಲಿ, ಬಟ್ಟೆ ಮುಚ್ಚಿ ಒಳಗೆ ಕೊಟ್ಟೆ. ಸದ್ದು ಕೇಳಿಸಿಕೊಂಡ ಹೆಂಗಸು ತಕರಾರಿಲ್ಲದೆ ಬಾಯಿ ತೆಗೆದಳು. ಅವತ್ತು ಕೆಲಸ ಎಷ್ಟು ಬೇಗ ಮುಗಿಯಿತೆಂದರೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕಿತು. ಅಂದಿನಿಂದ ಎಲ್ಲ ಸಂತೆಗಳಲ್ಲೂ ಅದೇ ರೂಢಿಯಾಯಿತು. ಒಂದು ಸಲ ಮಾತ್ರ ಅಕ್ಕ ಪರದೆಯಾಚೆಯಿಂದ, "ಇದ್ಯಾಕೋ ಇಷ್ಟು ತಣ್ಣಗೈತೆ?" ಎಂದಳು.

"ಗಾಳಿಗೆ ಆರೈತೆ" ಎಂದೆ. ನೀರಿನ ಸದ್ದನ್ನು ಅವಳು ಬೋಗುಣಿ ತೊಳೆಯುವ ಸದ್ದೆಂದೇ ತಿಳಿದಿದ್ದಳು.

ಪರೀಕ್ಷೆಗೆ ದಾವಣಗೆರೆ ಕಡೆಯ ಆ ಆಸ್ಪತ್ರೆಯ ಲೇಡಿ ಡಾಕ್ಟರು ಜಗಳೂರಿಗೇ ಬಂದರು. ಕೆಲಸ ನಡೆಯುವುದನ್ನು ಕಣ್ಣಾರೆ ನೋಡಿಯೇ ಸಹಿ ಹಾಕುತ್ತೇನೆ ಎಂದಿದ್ದರು. ವಯಸ್ಸಾದ ಹೆಂಗಸು. ಬಿಳಿ ಸೀರೆ, ಕಪ್ಪು ಷೂ. ನಾನು ಅವತ್ತು ನೀರಿನ ಕೊಡದ ಹತ್ತಿರವೂ ಸುಳಿಯಲಿಲ್ಲ, ಅಷ್ಟು ಬುದ್ಧಿ ಇತ್ತು. ಅಕ್ಕ ಬೆಳಗ್ಗೆಯಿಂದ ಒಂದು ತಪ್ಪೂ ಮಾಡಲಿಲ್ಲ. ಹಲ್ಲುಗಳ ಇಂಗ್ಲಿಷ್ ಹೆಸರನ್ನು ನೀರು ಕುಡಿದ ಹಾಗೆ ಹೇಳಿದಳು. ಬೆಳ್ಳಿ ಪಾದರಸ ಅರೆದದ್ದನ್ನು ಆ ಡಾಕ್ಟರು ಬೆರಳಲ್ಲಿ ಒತ್ತಿ ನೋಡಿ ತಲೆಯಾಡಿಸಿದರು. ಸರ್ಟಿಫಿಕೇಟಿನ ಕಾಗದ ಮೇಜಿನ ಮೇಲಿತ್ತು. ನಮ್ಮ ಡಾಕ್ಟರು ಆಗಲೇ ಸಹಿ ಹಾಕಿದ್ದರು.

ಆಗ ಪಕ್ಕದ ಸೊಕ್ಕೆ ಊರಿಂದ ಒಬ್ಬಾಕೆಯನ್ನು ಗಾಡಿಯಲ್ಲಿ ಕರೆತಂದರು. ಹಿಂದಿನ ಸಂತೆಯಲ್ಲಿ ದವಡೆ ಹಲ್ಲು ತೆಗೆಸಿಕೊಂಡು ಹೋದವಳು. ಒಂದು ಕೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು. ಲೇಡಿ ಡಾಕ್ಟರೇ ಎದ್ದು ಅವಳನ್ನು ಕೂರಿಸಿ, ಕೀವು ತೆಗೆದರು. ಅವಳು ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅಕ್ಕನ ಕಡೆ ತಿರುಗಿದರು.

"ಅವತ್ತು ಸಾಮಾನು ಕುದಿಸಿದ್ದು ಯಾರು?"

"ನಾನೇ" ಎಂದಳು ಅಕ್ಕ.

"ಕುದಿಸಿದ ಮೇಲೆ?"

"ಮುಚ್ಚಿಟ್ಟಿದ್ದೆ. ಏನೂ ತಾಗಿಸಲಿಲ್ಲ."

ಸೊಕ್ಕೆಯವಳಿಗೆ ಅಕ್ಕನನ್ನು ಬೈಯುತ್ತಿದ್ದಾರೆ ಎನಿಸಿರಬೇಕು. ಪಾಪ, ಅವಳಿಗೆ ಅಕ್ಕನ ಮೇಲೆ ಅಕ್ಕರೆ. ಅರ್ಧ ಬಾಯಲ್ಲಿ ಹೇಳಿದಳು, "ಆಯಮ್ಮಂದು ತಪ್ಪಿಲ್ಲ ಕಣ್ರಿ. ಬಲು ಸುದ್ದ. ಮೇಲಿಂದ ಬಾವಿ ನೀರು ಸುರಿದು ತೊಳೆದೇ ಕೊಟ್ಟಿದ್ದು. ಸದ್ದು ಕೇಳಿಸ್ಕಂಡೇ ನಾನು ಬಾಯಿ ತೆಗೆದಿದ್ದು."

ಲೇಡಿ ಡಾಕ್ಟರು ಅಕ್ಕನ ಕಡೆಗೆ ಒಂದು ಹೆಜ್ಜೆ ಬಂದರು. 

"ಕುದಿಸಿದ ಮೇಲೆ ಬಾವಿ ನೀರು ಸುರಿದಿರಾ?" ಎಂದರು ಲೇಡಿ ಡಾಕ್ಟರು.

"ನಾನು ಸುರೀಲಿಲ್ಲ."

"ಮತ್ತೆ ಯಾರು?"

ಅಕ್ಕ ನನ್ನ ಕಡೆ ನೋಡಿದಳು. ತಣ್ಣಗಿದ್ದ ಚಿಮ್ಮಟ, ಗಾಳಿಗೆ ಆರೈತೆ ಎಂಬ ಮಾತು, ಎಲ್ಲವೂ ಅವಳ ಮುಖದಲ್ಲಿ ಒಂದಕ್ಕೊಂದು ಸೇರಿಕೊಳ್ಳುವುದು ನನಗೆ ಕಂಡಿತು. ನಾನು ಮಲಾರ ಕೆಳಗಿಳಿಸಿ, ಗಂಟು ಬಿಚ್ಚಿ, ಯಾವುದಾದರೂ ಬಳೆ ಒಡೆದಿದೆಯೋ ಎಂದು ನೋಡತೊಡಗಿದೆ. ಯಾವುದೂ ಒಡೆದಿರಲಿಲ್ಲ.

"ನಾನು ನೋಡಿಲ್ಲ ಮೇಡಂ" ಎಂದಳು ಅಕ್ಕ.

"ತಪ್ಪು ಮಾಡಿದ್ದರೆ ಇನ್ನೊಂದು ಸಲ ಕಲಿಸಬಹುದಿತ್ತಮ್ಮ" ಎಂದರು ಆ ಡಾಕ್ಟರು. ದನಿ ಏರಿಸಲಿಲ್ಲ. "ತಟ್ಟೆಯ ವಿಷಯದಲ್ಲಿ ನಿಜ ಹೇಳದವರ ಕೈಗೆ ರೋಗಿಯ ಬಾಯಿ ಕೊಡೋಕೆ ಆಗಲ್ಲ."

ಸಹಿ ಹಾಕದೆಯೇ ಪೆನ್ನಿಗೆ ಮುಚ್ಚಳ ಹಾಕಿದರು.

ಅಂಥ ಊತ ನೀರು ತಾಗದಿದ್ದರೂ ಬರಬಹುದು ಎಂದು ನಮ್ಮ ಡಾಕ್ಟರು ವಾದ ಮಾಡಿದರು. ಇರಬಹುದು. ಆದರೆ ಕಾಗದ ನಿಂತದ್ದು ಊತಕ್ಕಲ್ಲ ಎಂದು ಅವರಿಗೂ ಗೊತ್ತಿತ್ತು. ಆ ಕ್ಷಣದಲ್ಲಿ ನನಗೆ ಭಯವಾಗಿತ್ತು ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಭಯವೂ ಇತ್ತು. ಅದರ ಅಡಿಯಲ್ಲಿ ಇನ್ನೊಂದಿತ್ತು. ಇನ್ನು ಆ ಯಂತ್ರ ಹೊರುವುದು ತಪ್ಪಿತು, ಮನೆಯಲ್ಲಿ ಒಲೆಯ ಮುಂದೆ ಅಕ್ಕ ಇರುತ್ತಾಳೆ, ಹೆಂಡತಿ ಗೊಣಗುವುದಿಲ್ಲ, ಎಲ್ಲ ಮೊದಲಿನಂತಾಗುತ್ತದೆ ಎಂಬ ಸಮಾಧಾನ. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತಿದ್ದೇನೆ.

ಎಲ್ಲ ಮೊದಲಿನಂತೆಯೇ ಆಯಿತು. ಅಕ್ಕ ಒಲೆಯ ಮುಂದೆ ಕೂತಳು. ಆಸ್ಪತ್ರೆಯ ಆ ಕೆಲಸಕ್ಕೆ ಬೇರೆ ಯಾರೋ ಬಂದರಂತೆ. ಅಕ್ಕ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಊಟಕ್ಕೆ ಕೂತಾಗ ಸೌಟಿನ ಹಿಡಿ ಮೊದಲಿನಂತೆ ನನ್ನ ಕಡೆ ತಿರುಗಿ ಬರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ನಾನು ಕೇಳಬೇಕು, ಆಮೇಲೆ ಬಡಿಸುತ್ತಿದ್ದಳು. ನ್ಯಾಮತಿ ಸಂತೆಯಿಂದ ಅವಳಿಗೆಂದು ಬೆಲ್ಲ ತಂದೆ, ಕಂಬಳಿ ತಂದೆ. ತೆಗೆದಿಟ್ಟಳು. ಒಂದು ದಿನ ತಡೆಯಲಾರದೆ ಹಿತ್ತಲಲ್ಲಿ, "ಅಕ್ಕ, ಅವತ್ತು ಜಗಳೂರಾಗೆ" ಎಂದು ಶುರುಮಾಡಿದೆ.

"ನನ್ನ ಮುಂದೆ ಯಾಕೆ ಹೇಳ್ತೀಯೋ?" ಎಂದಳು, ಪಾತ್ರೆ ಉಜ್ಜುವುದನ್ನು ನಿಲ್ಲಿಸದೆ. "ನಂಗೆ ಗೊತ್ತಿಲ್ದೆ ಇರಾದೇನಾದ್ರೂ ಐತಾ ಅದ್ರಾಗೆ?"

ಅಲ್ಲಿಗೆ ಮುಗಿಯಿತು. ಎಲ್ಲಿ ಹೇಳಬೇಕೆಂದು ಅವಳು ಬಿಡಿಸಿ ಹೇಳಲಿಲ್ಲ. ಅಷ್ಟು ತಿಳಿಯದಷ್ಟು ದಡ್ಡ ನಾನಾಗಿರಲಿಲ್ಲ.

ಯುದ್ಧ ಮುಗಿಯಿತು. ಬಸ್ಸಿಗೆ ಪೆಟ್ರೋಲು ಬಂತು. ಆ ಹೊತ್ತಿಗೆ ಡಾಕ್ಟರು ಹೊನ್ನಾಳಿಯಲ್ಲೇ ನೆಲೆಯಾಗಿ ಕೂತಿದ್ದರು. ಅವ್ವನಿಗೆ ಉಳಿದಿದ್ದ ಹಲ್ಲುಗಳಲ್ಲಿ ಒಂದು ಕೆಟ್ಟು ಕೂತಾಗ ಅಲ್ಲಿಗೇ ಹೋದೆವು. ಅವ್ವ, ಅಕ್ಕ, ನಾನು. ಅವತ್ತೂ ಸಂತೆ. ಜಗಲಿಯ ತುಂಬ ಹೆಂಗಸರು. ಡಾಕ್ಟರು ಅಕ್ಕನನ್ನು ನೋಡಿ, "ಬನ್ನಿ" ಎಂದರು. ಆಮೇಲೆ ಅವ್ವನಿಗೆ ಕುರ್ಚಿ ತೋರಿಸಿದರು.

ಅವ್ವ ಕುರ್ಚಿಯಲ್ಲಿ ಕೂತು ತುಟಿ ಬಿಗಿದಳು. "ನೀರು ಹಾಕಿ ಮೊದ್ಲು. ಸದ್ದು ಕೇಳ್ದೆ ನಾನು ಬಾಯಿ ತೆಗೆಯಲ್ಲ."

ಡಾಕ್ಟರು ದೊಡ್ಡ ನಿಟ್ಟುಸಿರು ಬಿಟ್ಟರು. ಮೂಲೆಯಲ್ಲಿ ಒಂದು ಖಾಲಿ ಬಕೀಟಿತ್ತು, ಪಕ್ಕದಲ್ಲಿ ಒಂದು ಚೊಂಬು. ಅವರೇ ಎದ್ದುಹೋಗಿ ಚೊಂಬಿನ ನೀರನ್ನು ಎತ್ತರದಿಂದ ಖಾಲಿ ಬಕೀಟಿಗೆ ಸುರಿದರು. ಚಿಮ್ಮಟ ತಟ್ಟೆಯಲ್ಲಿ ಬಟ್ಟೆಯ ಕೆಳಗೆ ಬೆಚ್ಚಗೇ ಇತ್ತು. ಅವ್ವ ಸಮಾಧಾನವಾಗಿ ಬಾಯಿ ತೆಗೆದಳು.

"ನೋಡಿದ್ರಾ ನನ್ನ ಗತಿ?" ಎಂದರು ಡಾಕ್ಟರು ಅಕ್ಕನಿಗೆ. "ಈ ಬಕೀಟು ಇಲ್ಲದೆ ಇಲ್ಲಿ ಒಬ್ಬ ಹೆಂಗಸೂ ಕೂರಲ್ಲ. ನ್ಯಾಮತಿಯಲ್ಲೂ ಇದೇ, ಜಗಳೂರಲ್ಲೂ ಇದೇ. ಯಾವ ಪುಣ್ಯಾತ್ಮ ಕಲಿಸಿದನೋ ಇವರಿಗೆ."

ಅಕ್ಕ ನನ್ನ ಕಡೆ ನೋಡಲಿಲ್ಲ. ಅವ್ವನ ತಲೆಯನ್ನು ತನ್ನ ಎದೆಗೆ ಒರಗಿಸಿಕೊಂಡಳು. ಡಾಕ್ಟರ ಕೈ ಗಾಳಿಯಲ್ಲಿ ಚಾಚಿದ್ದೇ ತಡ, ಹಿಡಿಯುವ ತುದಿ ಅವರ ಕಡೆ ಇರುವಂತೆ ಚಿಮ್ಮಟ ಅಲ್ಲಿಗೆ ಹೋಗಿತ್ತು. ಹಲ್ಲು ಬಂತು. ಅವ್ವ ಬೋಗುಣಿಗೆ ಉಗುಳಿದಳು. ಅಕ್ಕ ಹತ್ತಿಯ ಉಂಡೆಯನ್ನು ಅವಳ ಬಾಯಲ್ಲಿಟ್ಟು ಕಚ್ಚಲು ಹೇಳಿ, ಕೈ ಒರೆಸಿಕೊಂಡು, ಬೇರೆಯವರ ಮನೆಗೆ ಬಂದವಳ ಹಾಗೆ ಗೋಡೆಯ ಪಕ್ಕಕ್ಕೆ ಸರಿದು ನಿಂತಳು.

ನನ್ನ ಹೆಗಲ ಮೇಲೆ ಅವತ್ತು ಮಲಾರ ಇರಲಿಲ್ಲ. ಬಿಚ್ಚಿ ನೋಡಲು ಗಂಟು ಇರಲಿಲ್ಲ. ಜಗಲಿಯ ಹೆಂಗಸರಿಗೂ ಕೇಳುವಷ್ಟು ದೊಡ್ಡದಾಗಿ ಹೇಳಿದೆ.

"ಡಾಕ್ಟ್ರೇ, ಕಲಿಸಿದೋನು ನಾನು. ಜಗಳೂರಾಗೆ ಕುದಿಸಿದ ಸಾಮಾನಿನ ಮೇಲೆ ನೀರು ಸುರಿದೋನೂ ನಾನೇ. ಅಕ್ಕನಿಗೆ ಗೊತ್ತಿರಲಿಲ್ಲ, ಅವಳು ಸುಳ್ಳು ಹೇಳಲಿಲ್ಲ. ಆ ಲೇಡಿ ಡಾಕ್ಟ್ರು ಎಲ್ಲಿದ್ರೂ ಅವರ ಮುಂದೆ ಬಂದು ಇದನ್ನೇ ಹೇಳ್ತೀನಿ. ಅವತ್ತು ಬಾಗಿಲಾಗೆ ನಿಂತು ಸುಮ್ಮನಿದ್ದೆ. ತಪ್ಪಾತು ಅಕ್ಕ."